ಆಮೆಗಳ ಗೇಮ್ ಇಷ್ಟು ಕಷ್ಟ ಯಾಕೆ?

ಪ್ರಶ್ನೆ: ನಿಂಜಾ ಟರ್ಟಲ್ಸ್ ಟಿವಿ ಕಾರ್ಟೂನ್ ಚಿಕ್ಕ ಮಕ್ಕಳದ್ದು, ಬರೀ ತಮಾಷೆ. ಆದರೆ ಟಿವಿಗೆ ಜೋಡಿಸಿ ಆಡುವ ಹಳೇ ನಿಂಟೆಂಡೊ ಯಂತ್ರದಲ್ಲಿ ಅದರ ಗೇಮ್ ಆಡಲು ಕೂತರೆ ಎರಡನೇ ಲೆವೆಲ್ಲಿನ ನೀರಲ್ಲೇ ನನ್ನ ಕಥೆ ಮುಗಿಯುತ್ತದೆ. ನನಗೆ ಆಡಲು ಬರುವುದಿಲ್ಲವೋ, ಗೇಮೇ ಹಾಗೋ?
- ಓದುಗರು, ಶಿವಮೊಗ್ಗ

ಉತ್ತರ: ಗೇಮೇ ಹಾಗೆ, ಬೇಜಾರು ಮಾಡ್ಕೋಬೇಡಿ. ಕೊನಾಮಿ ಕಂಪನಿ 1989ರಲ್ಲಿ ತಂದ ಈ ಗೇಮನ್ನು ಆಡಿದವರಿಗೆಲ್ಲ ಮೊದಲು ನೆನಪಾಗುವುದು ಆ ನೀರೇ. ಹಡ್ಸನ್ ನದಿಯ ಅಣೆಕಟ್ಟಿನಲ್ಲಿ 8 ಬಾಂಬ್, ಎಲ್ಲವನ್ನೂ ನಿಲ್ಲಿಸಲು ಸಿಗುವುದು 2 ನಿಮಿಷ 20 ಸೆಕೆಂಡು. ಮುಟ್ಟಿದರೆ ಕರೆಂಟ್ ಹೊಡೆಯುವ ಪಾಚಿಯ ನಡುವಿನ ಸಂದಿಯಲ್ಲಿ ಆಮೆ ಹಿಡಿಸುವುದೇ ಕಷ್ಟ, ಅದರ ಮೇಲೆ ಗಡಿಯಾರ ಬೇರೆ ಓಡುತ್ತಿರುತ್ತದೆ.

ಆದರೆ ನನ್ನ ಮಟ್ಟಿಗೆ ನೀರು ದೊಡ್ಡ ಕಷ್ಟವೇ ಅಲ್ಲ. ಬಾಂಬ್‌ಗಳು ಇದ್ದಲ್ಲೇ ಇರುತ್ತವೆ, ದಾರಿ ಬಾಯಿಪಾಠ ಆದರೆ ದಾಟಿಬಿಡಬಹುದು. ನಿಜವಾದ ಕಾಟ ನೆಲದ ಮೇಲಿದೆ. ಹೊಡೆದು ಬೀಳಿಸಿದ ಶತ್ರು, ನೀವು ನಾಲ್ಕು ಹೆಜ್ಜೆ ಹಿಂದೆ ಹೋಗಿ ಮತ್ತೆ ಬಂದರೆ ಏನೂ ಆಗದವನ ಹಾಗೆ ಅಲ್ಲೇ ನಿಂತಿರುತ್ತಾನೆ. ಕೊನೆಯಲ್ಲಂತೂ ಶತ್ರುಗಳ ಕೋಟೆ ಟೆಕ್ನೋಡ್ರೋಮ್ ಒಳಗೆ, ಮುಖ್ಯ ಖಳನಾಯಕ ಶ್ರೆಡರ್ ಸಿಗುವ ಮೊದಲು, ಲೇಸರ್ ಹಿಡಿದವರು ತುಂಬಿದ ಒಂದು ಓಣಿ ಇದೆ. ಅಣೆಕಟ್ಟನ್ನು ಬೈಯುವವರಲ್ಲಿ ಹೆಚ್ಚಿನವರು ಅಲ್ಲಿವರೆಗೆ ಹೋಗಿಯೇ ಇಲ್ಲ, ಹೋಗಿದ್ದರೆ ಬೈಗುಳ ಅದಕ್ಕೇ ಮೀಸಲಾಗುತ್ತಿತ್ತು! ಇಷ್ಟೆಲ್ಲ ಆದರೂ ಆಟವನ್ನು ಸೇವ್ ಮಾಡುವ ವ್ಯವಸ್ಥೆಯೇ ಇಲ್ಲ, ಕರೆಂಟ್ ಹೋದರೆ ಮೊದಲಿಂದ ಶುರು.

ಪ್ರಶ್ನೆ: ನಾಲ್ಕು ಆಮೆಗಳಲ್ಲಿ ಯಾರನ್ನು ಇಟ್ಟುಕೊಂಡು ಆಡಬೇಕು?
- ಓದುಗರು, ಹಾಸನ

ಉತ್ತರ: ಡೊನಾಟೆಲ್ಲೊ. ಅವನ ಕೋಲು ನಿಧಾನ, ಆದರೆ ದೂರಕ್ಕೆ ತಾಗುತ್ತದೆ, ಏಟೂ ಜೋರು. ರಾಫೆಲ್ ಕೈಯಲ್ಲಿರುವುದು ಗಿಡ್ಡ ಆಯುಧ, ಶತ್ರುವಿನ ಮೈಮೇಲೇ ಹೋಗಿ ಹೊಡೆಯಬೇಕು, ಅಷ್ಟರಲ್ಲಿ ನಮಗೇ ಬಿದ್ದಿರುತ್ತದೆ.

ಇಲ್ಲೊಂದು ಉಪಾಯ ಇದೆ. ಆಟ ನಿಲ್ಲಿಸಿ ಯಾವಾಗ ಬೇಕಾದರೂ ಆಮೆ ಬದಲಿಸಬಹುದು, ಪ್ರತಿಯೊಬ್ಬನಿಗೂ ಅವನದೇ ಶಕ್ತಿ ಇರುತ್ತದೆ. ನೀರಿನಲ್ಲಿ ಯಾರೂ ಆಯುಧ ಬೀಸುವ ಹಾಗಿಲ್ಲ, ಅಂದಮೇಲೆ ಡೊನಾಟೆಲ್ಲೊನನ್ನು ಅಲ್ಲಿ ಸುಮ್ನೆ ಯಾಕೆ ಸವೆಸಬೇಕು? ರಾಫೆಲ್ ಮತ್ತು ಮೈಕಲಾಂಜೆಲೊನನ್ನು ಇಳಿಸಿ, ಒಬ್ಬನಿಗೆ ಪೆಟ್ಟು ಜಾಸ್ತಿಯಾದರೆ ಇನ್ನೊಬ್ಬನನ್ನು ಕರೆಯಿರಿ. ಶಕ್ತಿ ಮುಗಿದವನು ಸಾಯುವುದಿಲ್ಲ, ಶತ್ರುಗಳ ಕೈಗೆ ಸಿಕ್ಕಿಬೀಳುತ್ತಾನೆ, ಮುಂದಿನ ಲೆವೆಲ್ಲಿನಲ್ಲಿ ಹುಡುಕಿ ಬಿಡಿಸಿಕೊಳ್ಳಬಹುದು. ಪಿಜ್ಜಾ ಕಂಡರೆ ಶಕ್ತಿ ಕಡಿಮೆ ಇರುವವನಿಗೇ ತಿನ್ನಿಸಿ. ಇದೆಲ್ಲ ಬೇಡ, ಕಥೆ ನೋಡಿದರೆ ಸಾಕು ಅನ್ನುವವರಿಗೆ ಹಳೇ ಟರ್ಟಲ್ಸ್ ಗೇಮ್‌ಗಳನ್ನು ಒಟ್ಟು ಸೇರಿಸಿದ 2022ರ ಕೌವಬಂಗಾ ಕಲೆಕ್ಷನ್ ಇದೆ. ಅದರಲ್ಲಿ ತಪ್ಪಾದರೆ ಇದೇ ಗೇಮನ್ನು ಸ್ವಲ್ಪ ಹಿಂದಕ್ಕೆ ತಿರುಗಿಸಿ ಅಲ್ಲಿಂದ ಮತ್ತೆ ಆಡಬಹುದು. ಮೋಸ ಅನ್ನುವವರು ಅನ್ನಲಿ ಬಿಡಿ.

ಪ್ರಶ್ನೆ: ನನ್ನ ಅಣ್ಣ ಇದನ್ನೇ ಹಳೇ ಡಾಸ್ ಕಂಪ್ಯೂಟರಿನಲ್ಲಿ ಆಡಿದ್ದನಂತೆ. ಮೂರನೇ ಲೆವೆಲ್ಲಿನ ಚರಂಡಿಯಲ್ಲಿ ಒಂದು ಕಡೆ ಜಿಗಿದು ದಾಟಲು ಸಾಧ್ಯವೇ ಇರಲಿಲ್ಲ ಅಂತಾನೆ. ಬುರುಡೆ ಅಲ್ವಾ?
- ಓದುಗರು, ಧಾರವಾಡ

ಉತ್ತರ: ನಿಮ್ಮಣ್ಣ ಹೇಳಿದ್ದು ನಿಜ. ನಿಂಟೆಂಡೊದಲ್ಲಿ ದಾಟಬಹುದಾದ ಆ ಜಾಗ ಡಾಸ್‌ಗೆ ಬರುವಾಗ ಕೆಟ್ಟುಹೋಯಿತು. ಚೀಟ್ ಬಳಸದೆ ಮುಂದೆ ಹೋಗುವ ದಾರಿಯೇ ಇರಲಿಲ್ಲ.