#5 ಕೂರಬೇಕಾದ ಜಾಗ ಯಾವುದು?

ಪ್ರಶ್ನೆ: ಡಿಜಿಟಲ್ ಸರ್ಕ್ಯೂಟನ್ನು ವಿವರಿಸುವ ಭಾಷೆಯಾದ ವೆರಿಲಾಗ್‌ನಲ್ಲಿ ಎ, ಬಿ ಇನ್‌ಪುಟ್, ವೈ ಔಟ್‌ಪುಟ್ ಇರುವ ಆಂಡ್ ಗೇಟನ್ನು (ಎರಡೂ ಇನ್‌ಪುಟ್ 1 ಆದಾಗ ಮಾತ್ರ 1 ಕೊಡುವುದು) ಆಲ್ವೇಸ್ ಬ್ಲಾಕಿನಲ್ಲಿ (ಇನ್‌ಪುಟ್ ಬದಲಾದಾಗ ಎಚ್ಚೆತ್ತು ಓಡುವ ಕೋಡಿನಲ್ಲಿ) ಬರೆದು 5 ನ್ಯಾನೊಸೆಕೆಂಡ್ ಡಿಲೇ ಕೊಟ್ಟಿದ್ದೇನೆ. ಆ ಡಿಲೇ ಸೂಚಿಸುವ #5 ಅನ್ನು ವೈಗಿಂತ ಮೊದಲು ಬರೆದರೆ ಒಂದು ವೇವ್‌ಫಾರ್ಮ್, ಸಮಚಿಹ್ನೆಯ ಬಲಕ್ಕೆ ಬರೆದರೆ ಇನ್ನೊಂದು. ಯಾವುದು ಸರಿ?
— ಐದನೇ ಸೆಮಿಸ್ಟರ್ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಗೇಟಿಗೆ ಎರಡೂ ಸರಿಯಲ್ಲ. ಒಂದೇ ಪಲ್ಸ್ ಹಿಡಿದು ನೋಡಿ. ಬಿ ಸದಾ 1, ವೈ ಮೊದಲಿಗೆ 0. ಎ 10ನೇ ನ್ಯಾನೊಸೆಕೆಂಡಿಗೆ 1 ಆಗಿ 12ಕ್ಕೆ ಮತ್ತೆ 0 ಆಗುತ್ತದೆ.

#5 ವೈ = ಎ & ಬಿ;
10ಕ್ಕೆ ಎಚ್ಚೆತ್ತ ಬ್ಲಾಕ್ ಮೊದಲು ಕಾಯುತ್ತದೆ, ಲೆಕ್ಕ ಹಾಕುವುದು 15ಕ್ಕೆ. ಅಷ್ಟರಲ್ಲಿ ಎ ಇಳಿದಿರುವುದರಿಂದ ವೈ 0 ಆಗಿಯೇ ಉಳಿಯುತ್ತದೆ. ಸರಿಯಾಗಿಯೇ ಕಂಡರೂ ನಂಬಬೇಡಿ. ಬಿ 10ಕ್ಕೆ, ಎ 14ಕ್ಕೆ ಏರಿದರೆ ಇದೇ ಸಾಲು ವೈ ಅನ್ನು 15ಕ್ಕೇ ಏರಿಸುತ್ತದೆ. 5 ನ್ಯಾನೊಸೆಕೆಂಡ್ ತಡ ಮಾಡಬೇಕಾದ ಗೇಟು 1 ನ್ಯಾನೊಸೆಕೆಂಡಿಗೇ ಮುಗಿಸಿತು!

ವೈ = #5 ಎ & ಬಿ;
ಲೆಕ್ಕ 10ಕ್ಕೇ ಆಗುತ್ತದೆ; ಸಿಕ್ಕ 1 ಅನ್ನು ಇಟ್ಟುಕೊಂಡು 15ಕ್ಕೆ ವೈಗೆ ಹಾಕುತ್ತದೆ. ಆದರೆ ಬ್ಲಾಕ್ ಕಾಯುತ್ತಿದ್ದಾಗ ನಡೆದ 12ರ ಇಳಿತ ಅದರ ಗಮನಕ್ಕೇ ಬರಲಿಲ್ಲ. ಹಾಗಾಗಿ ಮುಂದಿನ ಬದಲಾವಣೆಯ ತನಕ ವೈ 1ಕ್ಕೇ ಅಂಟಿಕೊಂಡಿರುತ್ತದೆ. ಇಲ್ಲಿ ನೋಡುವ ನಾಲ್ಕು ಬಗೆಯಲ್ಲಿ ಅತಿ ಕೆಟ್ಟದ್ದು ಇದೇ.

ವೈ <= #5 ಎ & ಬಿ;
ಇಲ್ಲಿ ಬ್ಲಾಕ್ ನಿಲ್ಲುವುದೇ ಇಲ್ಲ. ವೈ 15ಕ್ಕೆ ಏರಿ 17ಕ್ಕೆ ಇಳಿಯುತ್ತದೆ, ಪಲ್ಸ್ ಇಡಿಯಾಗಿ ಹೊರಬರುತ್ತದೆ. ಉದ್ದನೆಯ ತಂತಿಯ ಡಿಲೇ ತೋರಿಸಲು ಇದು ಚೆನ್ನ.

ಗೇಟಿಗೆ ಆಲ್ವೇಸ್ ಬಿಟ್ಟು ಹೀಗೆ ಬರೆಯಿರಿ:
ಅಸೈನ್ #5 ವೈ = ಎ & ಬಿ;
5ಕ್ಕಿಂತ ಕಿರಿದಾದ ಪಲ್ಸನ್ನು ಇದು ನುಂಗುತ್ತದೆ, ನಿಜವಾದ ಗೇಟಿನಂತೆಯೇ. ವೈ ಅನ್ನು ರೆಗ್ (ಆಲ್ವೇಸ್ ಬ್ಲಾಕಿನಲ್ಲಿ ಬೆಲೆ ಹಾಕುವ ಬಗೆ) ಎಂದಲ್ಲ, ವೈರ್ (ತಂತಿ) ಎಂದು ಘೋಷಿಸಿ. ಏರಿಕೆಗೆ 3, ಇಳಿಕೆಗೆ 4 ಬೇಕಿದ್ದರೆ #(3,4). ಅಲ್ಪವಿರಾಮದ ಜಾಗದಲ್ಲಿ ಕೋಲನ್ ಬಳಸಿ #(3:4:5) ಎಂದರೆ ಅರ್ಥವೇ ಬೇರೆ: ಕನಿಷ್ಠ, ಸಾಮಾನ್ಯ, ಗರಿಷ್ಠ.

ಪ್ರಶ್ನೆ: #2.4 ಕೊಟ್ಟರೂ ಸಿಮ್ಯುಲೇಟರ್ 2 ನ್ಯಾನೊಸೆಕೆಂಡ್ ಮಾತ್ರ ಕಾಯುತ್ತದೆ, ಏಕೆ?

ಉತ್ತರ: ನಿಮ್ಮ ಟೈಮ್‌ಸ್ಕೇಲ್ (ಸಮಯದ ಅಳತೆ ಹೇಳುವ ಸಾಲು) 1 ನ್ಯಾನೊ / 1 ನ್ಯಾನೊ ಇರಬೇಕು. ಎರಡನೆಯ ಸಂಖ್ಯೆಯೇ ನಿಖರತೆ. ಡಿಲೇ ಅದಕ್ಕೆ ದುಂಡಾಗುತ್ತದೆ. #0.4 ಆದರೆ ಸೊನ್ನೆಯೇ. ಎರಡನೆಯದನ್ನು 100 ಪಿಕೊಸೆಕೆಂಡ್ ಮಾಡಿದರೆ 2.4 ಸಿಗುತ್ತದೆ. ಟೈಮ್‌ಸ್ಕೇಲ್ ಬರೆಯದ ಫೈಲು ತನಗಿಂತ ಮೊದಲು ಕಂಪೈಲ್ ಆದ ಫೈಲಿನದನ್ನೇ ಎತ್ತಿಕೊಳ್ಳುತ್ತದೆ, ಆದ್ದರಿಂದ ಪ್ರತಿ ಫೈಲಿನ ತಲೆಯಲ್ಲೂ ಬರೆಯಿರಿ. ಇಷ್ಟೆಲ್ಲ ಸಿಮ್ಯುಲೇಶನ್‌ಗೆ ಮಾತ್ರ. ಕೋಡನ್ನು ನಿಜವಾದ ಸರ್ಕ್ಯೂಟಾಗಿಸುವ ಸಿಂಥೆಸಿಸ್ ಟೂಲ್ # ಅನ್ನು ಕೈಬಿಡುತ್ತದೆ. ಎಫ್‌ಪಿಜಿಎ (ಬೇಕಾದ ಸರ್ಕ್ಯೂಟನ್ನು ತುಂಬಬಹುದಾದ ಚಿಪ್) ಮೇಲೆ 5 ನ್ಯಾನೊಸೆಕೆಂಡ್ ತಡ ಬೇಕಿದ್ದರೆ, ಸಿಗ್ನಲ್ ಅದೇ ಕ್ಲಾಕಿನಲ್ಲಿ ನಡೆಯುವುದಾದರೆ, 200 ಮೆಗಾಹರ್ಟ್ಸ್ ಕ್ಲಾಕಿನ ಒಂದು ಫ್ಲಿಪ್‌ಫ್ಲಾಪ್ (ಕ್ಲಾಕಿನ ಬಡಿತಕ್ಕೆ ಬೆಲೆ ಹಿಡಿದಿಡುವ ಸರ್ಕ್ಯೂಟ್) ಹಾಕಿ.