ಪದವಿ ತರಗತಿಗಳಲ್ಲಿ ಪೌರನೀತಿ, ಮಾನವ ಹಕ್ಕುಗಳಿಗೆ ಪ್ರತ್ಯೇಕ ಪತ್ರಿಕೆ ಇದ್ದರೆ ಸಾಕೇ?
ಸಾಲದು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 26ನೇ ವಿಧಿ, ಹಕ್ಕುಗಳ ಬಗೆಗಿನ ಗೌರವವನ್ನು ಬಲಪಡಿಸುವುದೂ ಶಿಕ್ಷಣದ ಗುರಿ ಎನ್ನುತ್ತದೆ. 2011ರಲ್ಲಿ ವಿಶ್ವಸಂಸ್ಥೆ ಇದನ್ನು ಮೂರಾಗಿ ಬಿಡಿಸಿ ಹೇಳಿತು: ಹಕ್ಕುಗಳ ಕುರಿತು ತಿಳಿಯುವುದು, ಕಲಿಸುವವರ, ಕಲಿಯುವವರ ಹಕ್ಕುಗಳನ್ನು ಗೌರವಿಸುವ ರೀತಿಯಲ್ಲೇ ಕಲಿಯುವುದು, ತಮ್ಮ ಹಕ್ಕನ್ನು ಚಲಾಯಿಸಿ ಇತರರ ಹಕ್ಕನ್ನು ಎತ್ತಿಹಿಡಿಯುವ ಶಕ್ತಿ ಪಡೆಯುವುದು. ಪರೀಕ್ಷೆಗಾಗಿ ನಡೆಯುವ ಪಾಠ ಮೊದಲನೆಯದರಲ್ಲೇ ನಿಂತುಬಿಡುತ್ತದೆ. ವಿಧಿಗಳ ಸಂಖ್ಯೆ ಬಾಯಿಪಾಠವಾಗುತ್ತದೆ, ಅಷ್ಟೇ. ನನ್ನ ಮಟ್ಟಿಗೆ ಎರಡನೆಯದೇ ಮುಖ್ಯ. ಪ್ರಶ್ನೆ ಕೇಳಿದವರನ್ನು ಗದರಿಸಿ ಕೂರಿಸುವ ತರಗತಿಯಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯದ ಪಾಠ ಯಾರಿಗೆ ತಟ್ಟೀತು? ವೈದ್ಯಕೀಯ ವಿದ್ಯಾರ್ಥಿಗೆ ರೋಗಿಯ ಒಪ್ಪಿಗೆಯ ಮೂಲಕ, ಕಂಪ್ಯೂಟರ್ ವಿದ್ಯಾರ್ಥಿಗೆ ಖಾಸಗಿತನದ ಮೂಲಕ ಕಲಿಸಿದರೆ ವಿಷಯ ಬೇಗ ನಾಟುತ್ತದೆ. ಪೌರನೀತಿಗೆ ವಿದ್ಯಾರ್ಥಿ ಸಂಘದ ಚುನಾವಣೆ, ದೂರು ಸಮಿತಿಗಳೇ ಪ್ರಯೋಗಾಲಯ, ಅವು ಕಾಗದದ ಮೇಲಷ್ಟೇ ಇರದಿದ್ದರೆ.