ಗುಣವಂತ ಉಸ್ತಾದರಿಗೂ ತರಗತಿ ಕೈತಪ್ಪುವುದೇಕೆ?

ಓದುಗರ ಪತ್ರ: "ಇಂಡೋನೇಷ್ಯಾದ ಪೆಸಾಂತ್ರೆನ್‌ಗಳಲ್ಲಿ ಉಸ್ತಾದರಿಗೆ ತರಗತಿ ನಿರ್ವಹಣೆಯ ತರಬೇತಿ ಬೇಕು ಎಂದು ಬರೆದಿದ್ದೀರಿ. ಗುರುವಿನ ನಡತೆ ಚೊಕ್ಕವಾಗಿದ್ದರೆ ಮಕ್ಕಳು ತಾವಾಗಿಯೇ ಶಿಸ್ತಿನಲ್ಲಿ ಇರುವುದಿಲ್ಲವೇ?"

ಸಂಪಾದಕರ ಉತ್ತರ: ನಿಮ್ಮ ಮಾತು ಅರ್ಧ ಸರಿ. ಪೆಸಾಂತ್ರೆನ್ ಎಂದರೆ ಇಸ್ಲಾಮಿ ಧಾರ್ಮಿಕ ವಸತಿ ಶಾಲೆ, ಉಸ್ತಾದರು ಅಲ್ಲಿನ ಗುರುಗಳು. ಗಂಟೆ ಹೊಡೆದ ಮೇಲೂ ಉಸ್ತಾದರು ಮಕ್ಕಳ ಕಣ್ಣೆದುರೇ ಇರುತ್ತಾರೆ. ಸುಬಹ್ (ನಸುಕಿನ) ನಮಾಝಿಗೆ ಹೊತ್ತಿಗೆ ಬಂದರೇ, ಅಡುಗೆಯವರನ್ನು ಹೇಗೆ ಮಾತಾಡಿಸಿದರು, ಎಲ್ಲವನ್ನೂ ಸಾಂತ್ರಿಗಳು (ಅಲ್ಲಿನ ವಿದ್ಯಾರ್ಥಿಗಳು) ಗಮನಿಸುತ್ತಾರೆ. 1899ರಲ್ಲಿ ಪೂರ್ವ ಜಾವಾದ ತೆಬುಇರೆಂಗ್ ಪೆಸಾಂತ್ರೆನ್ ಕಟ್ಟಿದ ಹಾಶಿಮ್ ಅಶ್‌ಅರಿ, ಕಲಿಯುವವರ ಅದಬ್ (ಶಿಷ್ಟ ನಡತೆ) ಜೊತೆಗೆ ಕಲಿಸುವವರ ಅದಬ್ ಬಗ್ಗೆಯೂ ಬರೆದದ್ದು ಸುಮ್ಮನೆ ಅಲ್ಲ.

ಆದರೆ ನಡತೆಯೊಂದರಿಂದಲೇ 30 ಹುಡುಗರ ಸೊರೊಗಾನ್ ಎಂಬ ಪಾಠಕ್ರಮ ಸಾಗದು. ಅದರಲ್ಲಿ ಒಬ್ಬೊಬ್ಬರೇ ಉಸ್ತಾದರ ಮುಂದೆ ಕೂತು ಕಿತಾಬು ಓದಿ ಒಪ್ಪಿಸಬೇಕು. ತಲೆಗೆ 3 ನಿಮಿಷವೆಂದರೂ ಒಂದೂವರೆ ಗಂಟೆ. ಸರದಿ ಕಾಯುವ 29 ಮಂದಿಗೆ ಕೆಲಸವಿಲ್ಲ, ಗದ್ದಲ ಹುಟ್ಟುವುದೇ ಅಲ್ಲಿ. ಬೈದು ಪ್ರಯೋಜನವಿಲ್ಲ. ಮುಂದಿನ ಮೂವರನ್ನಷ್ಟೇ ಹತ್ತಿರ ಕೂರಿಸಿಕೊಳ್ಳಬೇಕು. ಉಳಿದವರು ಜೋಡಿಯಾಗಿ ಒಬ್ಬರಿಗೊಬ್ಬರು ಓದಿ ಹೇಳಲಿ. ಒಪ್ಪಿಸಿ ಬಂದವನು ತಿದ್ದಿಸಿಕೊಂಡ ಸಾಲುಗಳನ್ನು ಬರೆದಿಟ್ಟುಕೊಳ್ಳಲಿ.

ಬಂದೊಂಗಾನ್ ಎಂಬ ಇನ್ನೊಂದು ಪಾಠಕ್ರಮದ ತೊಂದರೆ ಇದಕ್ಕೆ ತದ್ವಿರುದ್ಧ. ಉಸ್ತಾದರು ಓದಿ ಅರ್ಥ ಹೇಳುತ್ತಾರೆ, ಎಲ್ಲರೂ ಅರಬ್ಬಿ ಸಾಲಿನ ಕೆಳಗೆ ಓರೆಯಾಗಿ, ಸಣ್ಣಕ್ಷರದಲ್ಲಿ ಬರೆದುಕೊಳ್ಳುತ್ತಾರೆ. ತರಗತಿ ತಣ್ಣಗಿರುತ್ತದೆ, ಯಾರ ತಲೆಗೆ ಎಷ್ಟು ಹೋಯಿತೆಂದು ಮಾತ್ರ ತಿಳಿಯದು. ಕೊನೆಯ 10 ನಿಮಿಷ ಇಬ್ಬರು ಮೂವರಿಂದ ಅದೇ ಪುಟ ಓದಿಸಿದರೆ ಬಣ್ಣ ಬಯಲಾಗುತ್ತದೆ.

ಇನ್ನು ತೂಕಡಿಕೆ. ನಸುಕಿಗೂ ಮುಂಚೆ ಎದ್ದ ಹುಡುಗ ಮಧ್ಯಾಹ್ನ ಕಣ್ಣು ಮುಚ್ಚಿದರೆ ಅದು ಗುರುವಿಗೆ ತೋರಿದ ಅಗೌರವವಲ್ಲ. ವುಝೂ ಮಾಡಿ (ನಮಾಝಿಗೆ ಮುಂಚಿನಂತೆ ಕೈಕಾಲು ಮುಖ ತೊಳೆದು) ಬರಲು ಕಳಿಸಿದರಾಯಿತು. ಹೊಸ ವ್ಯಾಕರಣ ಪಾಠವನ್ನು ಆ ಹೊತ್ತಿಗೆ ಇಟ್ಟವರದೇ ತಪ್ಪು.

ನಿಜವಾದ ಗಂಡಾಂತರ ಬೇರೆಯೇ ಇದೆ. ಓದು ಮುಗಿಸಿ ಅಲ್ಲೇ ಸೇವೆಗೆ ನಿಂತ ಎಳೆಯ ಉಸ್ತಾದರು ಎದುರಿಗೆ ಕೂತವರಿಗಿಂತ ಎರಡು ಮೂರು ವರ್ಷವಷ್ಟೇ ದೊಡ್ಡವರಿರಬಹುದು. ಬೆಳಿಗ್ಗೆ ಗೆಳೆಯ, ಸಂಜೆ ಪೊಲೀಸ್! ತಾಝೀರ್, ಅಂದರೆ ಶಿಕ್ಷೆ ಕೊಡುವ ಅಧಿಕಾರ ಇವರ ಕೈಗಾಗಲಿ, ಹಿರಿಯ ಸಾಂತ್ರಿಗಳ ಕೈಗಾಗಲಿ ಹೋಗಬಾರದು. ತಪ್ಪೇನು, ಶಿಕ್ಷೆಯೇನು, ಕೊಟ್ಟವರು ಯಾರು ಎಂಬುದು ಅದೇ ದಿನ ಪುಸ್ತಕದಲ್ಲಿ ದಾಖಲಾಗಬೇಕು. ಮೈಮೇಲೆ ಕೈ ಮಾಡಕೂಡದು. ವಸತಿ ಕೋಣೆಯಲ್ಲಿ ನಡೆದ ತಪ್ಪಿನ ಸಿಟ್ಟನ್ನು ಪಾಠದ ಹೊತ್ತಿನಲ್ಲಿ ತೀರಿಸಕೂಡದು. ದೂರು ಕೇಳುವವರಂತೂ ಶಿಕ್ಷೆ ಕೊಟ್ಟವರಲ್ಲದೆ ಬೇರೆಯವರೇ ಆಗಿರಬೇಕು. ಗುರುವಿಗೆ ಎದುರಾಡಿದರೆ ಕಲಿತ ವಿದ್ಯೆಯ ಬರಕತ್ (ದೈವಕೃಪೆ) ಹೋಗುತ್ತದೆಂದು ನಂಬಿದ ಮಗು ಅವರ ಬಳಿಯೇ ಹೋಗಿ ಬಾಯಿ ಬಿಡುವುದಿಲ್ಲ.

– ಸಂ.